ಕಿಂಗ್ಸ್ ಕ್ರಾಸ್‌ನಲ್ಲಿ ಇಳಿದವರು ಕಾಲುವೆಗೂ ಇಳಿಯಿರಿ

ಓದುಗರು ಕೇಳಿದ್ದು, ನಿವೃತ್ತ ಸ್ಟೇಷನ್ ಮಾಸ್ಟರ್ ಹೇಳಿದ್ದು

ಲಂಡನ್‌ನಲ್ಲಿ ಮಗಳ ಮನೆಯಲ್ಲಿದ್ದಾಗ ಸಂಜೆ ಹೊತ್ತು ಒಂದು ಕಾಲುವೆಯ ದಡದಲ್ಲಿ ನಡೆಯುತ್ತಿದ್ದೆ ಎಂದು ಈ ಅಂಕಣದಲ್ಲಿ ಹಿಂದೆ ಒಂದು ಸಾಲು ಬರೆದಿದ್ದೆ. ಪಿಂಚಣಿ, ರೈಲ್ವೆ ಪಾಸು ಎಂದು ಪುಟಗಟ್ಟಲೆ ಬರೆದಾಗಲೂ ಬಾರದಷ್ಟು ಕಾಗದ ಆ ಒಂದು ಸಾಲಿಗೆ ಬಂತು. ಆಶ್ಚರ್ಯವೇನಿಲ್ಲ. ಕುಂಬಳೆಯಿಂದ ಮುಳ್ಳೇರಿಯದವರೆಗೆ ಯಾವ ಮನೆಗೆ ಹೋದರೂ ಒಬ್ಬಳು ನರ್ಸು, ಒಬ್ಬ ಕಂಪ್ಯೂಟರಿನವ ಹೊರದೇಶದಲ್ಲಿದ್ದಾರೆ. ಅಪ್ಪ ಅಮ್ಮನಿಗೂ ವೀಸಾ ಆಗುತ್ತಾ ಉಂಟು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟಿದ್ದೇನೆ.

ಮಾಸ್ಟ್ರೇ, ಮಗ ಲಂಡನ್‌ಗೆ ಟಿಕೆಟ್ ಮಾಡಿದ್ದಾನೆ. ಅವನೂ ಸೊಸೆಯೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಮನೆಯಿಂದ ಕಿಂಗ್ಸ್ ಕ್ರಾಸ್ ಹತ್ತಿರವಂತೆ. ‘ಅಲ್ಲೆಲ್ಲ ಸುತ್ತಾಡಿ ಅಪ್ಪ’ ಅನ್ನುತ್ತಾನೆ. ಒಂದು ರೈಲ್ವೆ ಸ್ಟೇಷನ್ನಿನ ಸುತ್ತ ನೋಡುವುದಕ್ಕೆ ಏನುಂಟು? ನನ್ನವಳಿಗೆ ಗಂಟು ನೋವು ಬೇರೆ.
– ಅಡಿಕೆ ಕೃಷಿಕರು, ಬದಿಯಡ್ಕ

ಅಣ್ಣ, ಸ್ಟೇಷನ್ ಸುತ್ತ ಏನುಂಟು ಅಂತ ಸ್ಟೇಷನ್ ಮಾಸ್ಟರನ ಹತ್ತಿರವೇ ಕೇಳಿದಿರಲ್ಲ! ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಅಲ್ಲಿ ಒಂದಲ್ಲ, ಎರಡು ಸ್ಟೇಷನ್. ನಡುವೆ ಒಂದು ರಸ್ತೆ ಅಷ್ಟೇ. ಒಂದು ಕಿಂಗ್ಸ್ ಕ್ರಾಸ್, 1852ರದ್ದು. ಇನ್ನೊಂದು ಸೇಂಟ್ ಪ್ಯಾಂಕ್ರಸ್, 1868ರದ್ದು. ಕಿಂಗ್ಸ್ ಕ್ರಾಸ್ ಸರಳ ಇಟ್ಟಿಗೆ ಕಟ್ಟಡ. ಎದುರಿಗೆ ಎರಡು ದೊಡ್ಡ ಕಮಾನು, ನಡುವೆ ಗಡಿಯಾರ. ಸೇಂಟ್ ಪ್ಯಾಂಕ್ರಸ್ ನೋಡಿದರೆ ಅರಮನೆಯೋ ಇಗರ್ಜಿಯೋ ಅಂತ ಸಂಶಯ ಬರಬೇಕು. ಅಷ್ಟು ಗೋಪುರ, ಅಷ್ಟು ಕೆತ್ತನೆ. ಎಲ್ಲರೂ ಅದರ ಫೋಟೋ ತೆಗೆದು ಹೋಗುತ್ತಾರೆ. ನನಗೆ ಬೇಕಾದದ್ದು ಅದಲ್ಲ.

ಕಿಂಗ್ಸ್ ಕ್ರಾಸ್‌ನ ಪ್ಲಾಟ್‌ಫಾರ್ಮಿಗೆ ರಸ್ತೆಯಿಂದ ನೇರ ನಡೆದು ಹೋಗಬಹುದು. ಸೇಂಟ್ ಪ್ಯಾಂಕ್ರಸ್‌ನಲ್ಲಿ ರೈಲು ನಿಲ್ಲುವುದು ಮಹಡಿಯ ಮೇಲೆ, ರಸ್ತೆಗಿಂತ ಸುಮಾರು 5 ಮೀಟರ್ ಎತ್ತರದಲ್ಲಿ. ಅಕ್ಕಪಕ್ಕದ ಸ್ಟೇಷನ್ನುಗಳು, ಒಂದು ಕೆಳಗೆ, ಒಂದು ಮೇಲೆ. ಯಾಕೆ? ಮಗಳು, ಅಳಿಯ, ಅವರ ಸ್ನೇಹಿತರು ಯಾರೂ ಈ ಪ್ರಶ್ನೆ ಕೇಳಿಕೊಂಡವರಲ್ಲ. ಉತ್ತರ ಸ್ಟೇಷನ್ನಿನ ಹಿಂದುಗಡೆ ಸಿಗುತ್ತದೆ. ಅಲ್ಲಿ ಅಡ್ಡಕ್ಕೆ ಒಂದು ಕಾಲುವೆ ಹರಿಯುತ್ತದೆ. ರೀಜೆಂಟ್ಸ್ ಕೆನಾಲ್ ಎಂದು ಹೆಸರು. 1820ರಲ್ಲಿ ಪೂರ್ತಿಯಾಗಿ ತೆರೆದದ್ದು. ರೈಲು ಬರುವ ಮೊದಲೇ ಬಂದು ಕೂತ ಯಜಮಾನ. ಉತ್ತರದಿಂದ ಬರುವ ಯಾವ ರೈಲೂ ಅದನ್ನು ದಾಟದೆ ಊರೊಳಗೆ ಬರುವ ಹಾಗಿರಲಿಲ್ಲ. ಕಿಂಗ್ಸ್ ಕ್ರಾಸ್ ಕಟ್ಟಿದ ಕಂಪೆನಿ ಕಾಲುವೆಯ ಅಡಿಯಲ್ಲಿ ಸುರಂಗ ಕೊರೆಯಿತು. ಸೇಂಟ್ ಪ್ಯಾಂಕ್ರಸ್ ಕಟ್ಟಿದ ಕಂಪೆನಿ ಕಾಲುವೆಯ ಮೇಲೆ ಸೇತುವೆ ಹಾಕಿತು. ಮೇಲಿಂದ ಬಂದ ಹಳಿಯನ್ನು ಅಷ್ಟು ಬೇಗ ಕೆಳಗಿಳಿಸಲು ಆಗುವುದಿಲ್ಲ. ಹಾಗಾಗಿ ಪ್ಲಾಟ್‌ಫಾರ್ಮೇ ಮೇಲೇರಿತು.

ಎರಡಕ್ಕೂ ಅದರದರ ಫಲ ಸಿಕ್ಕಿದೆ. ಕಿಂಗ್ಸ್ ಕ್ರಾಸಿನಿಂದ ಹೊರಟ ರೈಲು ಕಾಲುವೆಯ ಅಡಿಯಿಂದ 107ಕ್ಕೆ 1ರ ಏರು, ಅಂದರೆ 107 ಅಡಿ ಹೋದರೆ 1 ಅಡಿ ಮೇಲೆ, ಹತ್ತಬೇಕು. ಹಬೆ ಇಂಜಿನ್ನಿನ ಕಾಲದಲ್ಲಿ ಆ ಸುರಂಗದಲ್ಲಿ ಚಕ್ರ ಜಾರುತ್ತಿತ್ತು. ಘಾಟಿನ ಲೈನಿನಲ್ಲಿ ಕೆಲಸ ಮಾಡಿದವರಿಗೆ ಇದರ ಕಷ್ಟ ಗೊತ್ತು. ಸೇಂಟ್ ಪ್ಯಾಂಕ್ರಸ್‌ನವರಿಗೆ ಪ್ಲಾಟ್‌ಫಾರ್ಮಿನ ಅಡಿಯಲ್ಲಿ ಬೇಡದ ಒಂದು ದೊಡ್ಡ ಖಾಲಿ ಜಾಗ ಸಿಕ್ಕಿತು. ಅವರು ಅದನ್ನು ಬಿಯರ್ ಗೋದಾಮು ಮಾಡಿದರು. ಬರ್ಟನ್ ಎಂಬ ಊರಿನಿಂದ ರೈಲಿನಲ್ಲೇ ಬಿಯರ್ ಪೀಪಾಯಿ ಬರುತ್ತಿತ್ತು. ಒಳಗಿನ ಕಬ್ಬಿಣದ ಕಂಬಗಳ ನಡುವೆ ಎಷ್ಟು ಅಂತರ ಬಿಡಬೇಕು ಎಂದು ಇಂಜಿನಿಯರ್ ಬಾರ್ಲೋ ನಿರ್ಧರಿಸಿದ್ದು ಪೀಪಾಯಿಯ ಅಳತೆ ನೋಡಿ! ಈಗ ಆ ಕಂಬಗಳ ನಡುವೆ ಅಂಗಡಿಗಳೂ ಪ್ಯಾರಿಸಿಗೆ ಹೋಗುವ ಯೂರೋಸ್ಟಾರ್ ರೈಲಿನ ಪ್ರಯಾಣಿಕರು ಕೂರುವ ಜಾಗವೂ ಇವೆ. ಮೇಲೆ ಹೋಗಿ ಮಾಡು ನೋಡಿ. ಸುಮಾರು 73 ಮೀಟರ್ ಅಗಲ, ನಡುವೆ ಒಂದೇ ಒಂದು ಕಂಬವಿಲ್ಲ. ಕಟ್ಟಿದ ಕಾಲದಲ್ಲಿ ಲೋಕದಲ್ಲಿ ಅಷ್ಟು ಅಗಲದ ಒಂದೇ ಕಮಾನಿನ ಮಾಡು ಬೇರೆ ಇರಲಿಲ್ಲ.

ಇಷ್ಟು ತಿಳಿದ ಮೇಲೆ ಕಾಲುವೆಗೆ ಹೋಗಿ. ಎರಡು ಸ್ಟೇಷನ್ನುಗಳ ನಡುವಿನಿಂದ ಕಿಂಗ್ಸ್ ಬುಲೆವಾರ್ಡ್ ಎಂಬ ಅಗಲ ದಾರಿ ಉತ್ತರಕ್ಕೆ ಹೋಗುತ್ತದೆ. ಅಕ್ಕನ ಗಂಟಿಗೆ ತೊಂದರೆಯಾಗದು, ಮೆಲ್ಲ ನಡೆದರೂ ಹತ್ತು ನಿಮಿಷ. ಕಾಲುವೆಯ ಮೇಲಿನ ಸೇತುವೆ ದಾಟಿದರೆ ಗ್ರ್ಯಾನರಿ ಸ್ಕ್ವೇರ್. ಎದುರಿಗೆ ಕಾಣುವ ದೊಡ್ಡ ಇಟ್ಟಿಗೆ ಕಟ್ಟಡ ಒಂದು ಕಾಲದ ಗೋಧಿ ಕಣಜ. ಲಿಂಕನ್‌ಶೈರ್‌ನ ಗೋಧಿ ರೈಲಿನಲ್ಲಿ ಬಂದು ಇಲ್ಲಿ ತುಂಬುತ್ತಿತ್ತು. ನೀವು ನಿಂತ ಅಂಗಳದಲ್ಲಿ ಆಗ ನೀರು. ಕಾಲುವೆಯಿಂದ ದೋಣಿಗಳು ಇಲ್ಲಿಯವರೆಗೆ ಬಂದು ಸರಕು ತುಂಬಿಕೊಳ್ಳುತ್ತಿದ್ದವು. ಆ ಕೊಳ ಮುಚ್ಚಿಹೋಗಿದೆ. ಅದರ ಜಾಗದಲ್ಲಿ 1,080 ಕಾರಂಜಿಗಳು ನೆಲದಿಂದಲೇ ಚಿಮ್ಮುತ್ತವೆ. ಬೇಸಿಗೆಯಲ್ಲಿ ಮಕ್ಕಳೆಲ್ಲ ಅದರೊಳಗೆ. ಕಣಜದಲ್ಲಿ ಈಗ ಕಲಾ ಕಾಲೇಜು ಉಂಟು. ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಅಂತ, 2011ರಲ್ಲಿ ಇಲ್ಲಿಗೆ ಬಂತು. ಆ ಹುಡುಗ ಹುಡುಗಿಯರ ಬಟ್ಟೆ, ಕೂದಲು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯದು. ಟಿಕೆಟ್ಟೂ ಇಲ್ಲ.

ಅಂಗಳದಿಂದ ನೀರಿನವರೆಗೆ ಅಗಲವಾದ ಮೆಟ್ಟಿಲುಗಳಿವೆ. ಇಳಿಯುವುದಕ್ಕೆ ಮಾತ್ರ ಅಲ್ಲ, ಕೂರುವುದಕ್ಕೂ. ಅಕ್ಕ ಅಲ್ಲಿ ಕೂರಲಿ, ಫ್ಲಾಸ್ಕಿನಲ್ಲಿ ಚಹಾ ಇರಲಿ. ನೀವು ಕೆಳಗಿಳಿದು ದಡದ ದಾರಿ ಹಿಡಿಯಿರಿ. ಅದಕ್ಕೆ ಟೋಪಾತ್ ಅನ್ನುತ್ತಾರೆ. ಇಂಜಿನ್ ಇಲ್ಲದ ಕಾಲದಲ್ಲಿ ಈ ದಾರಿಯಲ್ಲಿ ಕುದುರೆ ನಡೆಯುತ್ತಿತ್ತು. ಅದರ ಹಗ್ಗಕ್ಕೆ ಕಟ್ಟಿದ ದೋಣಿ ನೀರಿನಲ್ಲಿ ಹಿಂದೆ ಬರುತ್ತಿತ್ತು. ಹಳೆಯ ಸೇತುವೆಗಳ ಮೂಲೆಯ ಕಬ್ಬಿಣವನ್ನು ಮುಟ್ಟಿ ನೋಡಿ. ಹಗ್ಗ ಉಜ್ಜಿ ಉಜ್ಜಿ ಬೆರಳು ಕೂರುವಷ್ಟು ಗೀರು ಬಿದ್ದಿರುತ್ತದೆ. ಕ್ಯಾಮ್ಡನ್ ಕಡೆ ಹೋದರೆ ಕೆಲವೆಡೆ ದಡದಲ್ಲಿ ನೀರಿನೊಳಗೆ ಇಳಿಜಾರು ಕಟ್ಟಿದ್ದು ಕಾಣುತ್ತದೆ. ರೈಲಿನ ಸದ್ದಿಗೆ ಬೆದರಿ ಕುದುರೆಗಳು ಕಾಲುವೆಗೆ ಬೀಳುತ್ತಿದ್ದವಂತೆ. ಅವುಗಳನ್ನು ಮೇಲೆ ತರಲು ಆ ವ್ಯವಸ್ಥೆ. ರೈಲ್ವೆಯವನಾಗಿ ನನಗೆ ಸ್ವಲ್ಪ ಪಾಪ ಅನ್ನಿಸಿತು.

ಪಶ್ಚಿಮಕ್ಕೆ, ಅಂದರೆ ನೀರಿಗೆ ಮುಖ ಮಾಡಿ ನಿಂತರೆ ಬಲಕ್ಕೆ, ಹೋಗಿ. ಸ್ವಲ್ಪ ದೂರದಲ್ಲಿ ಸೇಂಟ್ ಪ್ಯಾಂಕ್ರಸ್ ಲಾಕ್. ಲಾಕ್ ಅಂದರೆ ನಾವು ತೋಡಿಗೆ ಬೇಸಿಗೆಯಲ್ಲಿ ಹಾಕುವ ಕಟ್ಟಕ್ಕೆ ಎರಡು ಬಾಗಿಲು ಇಟ್ಟ ಹಾಗೆ. ಮೇಲಿನ ಬಾಗಿಲು, ಕೆಳಗಿನ ಬಾಗಿಲು, ನಡುವೆ ಒಂದು ದೋಣಿ ಹಿಡಿಯುವಷ್ಟು ಜಾಗ. ದೋಣಿ ಒಳಗೆ ಬಂದ ಮೇಲೆ ಮೇಲಿನ ಬಾಗಿಲು ಮುಚ್ಚುತ್ತಾರೆ. ಸಣ್ಣ ಕಿಂಡಿ ತೆರೆದು ನೀರು ಕೆಳಗೆ ಬಿಡುತ್ತಾರೆ. ನೀರಿನ ಜೊತೆ ದೋಣಿಯೂ ಇಳಿಯುತ್ತದೆ. ಎರಡೂ ಕಡೆ ನೀರು ಸಮ ಆದಾಗ ಕೆಳಗಿನ ಬಾಗಿಲು ತಾನಾಗಿ ಹಗುರ. ಅಲ್ಲಿಯವರೆಗೆ ಹತ್ತು ಜನ ದೂಡಿದರೂ ಅಲುಗದು. ಕರೆಂಟಿಲ್ಲ, ಮೋಟಾರಿಲ್ಲ. ದೋಣಿಯವರೇ ಇಳಿದು, ಕಬ್ಬಿಣದ ಹಿಡಿ ತಿರುಗಿಸಿ, ಮರದ ದೊಡ್ಡ ತೊಲೆಗೆ ಬೆನ್ನು ಕೊಟ್ಟು ಬಾಗಿಲು ದೂಡುತ್ತಾರೆ. ಕ್ಯಾಮ್ಡನ್‌ನಿಂದ ಥೇಮ್ಸ್ ಬಳಿಯ ಲೈಮ್‌ಹೌಸ್‌ವರೆಗೆ ಇಂಥ 12 ಲಾಕ್‌ಗಳು. ಕಾಲುವೆ ಒಟ್ಟು ಸುಮಾರು 14 ಕಿ.ಮೀ. ಒಂದು ದೋಣಿ ಲಾಕ್ ದಾಟುವುದನ್ನು ಪೂರ್ತಿ ನೋಡದೆ ಬರಬೇಡಿ. ತೋಟಕ್ಕೆ ನೀರು ತಿರುಗಿಸಿದ ಕೈ ನಿಮ್ಮದು. ಆ ಕೆಲಸ ನಿಮಗೆ ಅರ್ಥವಾದಷ್ಟು ನನಗೂ ಆಗಲಿಕ್ಕಿಲ್ಲ.

ಲಾಕ್ ಪಕ್ಕದಲ್ಲೇ ಎತ್ತರದ ಕಬ್ಬಿಣದ ಚೌಕಟ್ಟುಗಳು, ವೃತ್ತಾಕಾರದಲ್ಲಿ. ಅವು ಹಳೆಯ ಗ್ಯಾಸ್ ಟ್ಯಾಂಕಿಯ ಆಧಾರ. ಕಲ್ಲಿದ್ದಲಿನಿಂದ ಗ್ಯಾಸ್ ಮಾಡಿ ಊರಿಗೆ ದೀಪ ಕೊಡುತ್ತಿದ್ದ ಕಾಲದ್ದು. ರೈಲಿಗೆ ಜಾಗ ಬೇಕೆಂದು ಮೂರನ್ನು 2001ರಲ್ಲಿ ಬಿಚ್ಚಿದರು, ಇನ್ನೊಂದನ್ನು ಆಮೇಲೆ. ಗುಜರಿಗೆ ಹಾಕಲಿಲ್ಲ. ಸರಿಮಾಡಿ, ಬಣ್ಣ ಹಚ್ಚಿ ಕಾಲುವೆಯ ಈಚೆ ದಡದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಒಂದರೊಳಗೆ ಹುಲ್ಲಿನ ಪಾರ್ಕು. ಒಂದಕ್ಕೊಂದು ಅಂಟಿದ ಮೂರರೊಳಗೆ ಫ್ಲಾಟುಗಳು. ಬೆಲೆ ಕೇಳಬೇಡಿ, ಬಿ.ಪಿ. ಏರುತ್ತದೆ.

ಅಲ್ಲಿಂದ ಸೋಮರ್ಸ್ ಟೌನ್ ಎಂಬ ನಡೆ ಸೇತುವೆ ದಾಟಿದರೆ ಆಚೆ ದಡದಲ್ಲಿ ಕ್ಯಾಮ್ಲಿ ಸ್ಟ್ರೀಟ್ ನ್ಯಾಚುರಲ್ ಪಾರ್ಕ್. ಎರಡು ಎಕ್ರೆ, ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ತೋಟ. ಕಲ್ಲಿದ್ದಲು ಸುರಿಯುತ್ತಿದ್ದ ಯಾರ್ಡ್ ಪಾಳು ಬಿದ್ದಾಗ ಊರವರು ಅದನ್ನು ಕಾಡಿಗೆ ಬಿಡಿಸಿಕೊಂಡರು. 1985ರಿಂದ ಅದು ಪಾರ್ಕು. ಪಕ್ಕದಲ್ಲೇ ಪ್ಯಾರಿಸ್ ರೈಲು ಹೋಗುತ್ತದೆ. ಒಳಗೆ ಕೊಳ, ಜೊಂಡು, ಕಪ್ಪೆ. ಈ ಇಡೀ ಸುತ್ತಾಟದಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದೇ. ಅಲಂಕಾರ ಇಲ್ಲ ಎಂಬುದೇ ಕಾರಣ.

ಹಿಂತಿರುಗುವಾಗ ಕೋಲ್ ಡ್ರಾಪ್ಸ್ ಯಾರ್ಡ್ ಸಿಗುತ್ತದೆ. ಉತ್ತರದ ಗಣಿಗಳಿಂದ ಕಲ್ಲಿದ್ದಲು ತಂದ ವ್ಯಾಗನ್ನು ಮೇಲಿನ ಹಳಿಯಲ್ಲಿ ನಿಲ್ಲುತ್ತಿತ್ತು. ಅಡಿಯಿಂದ ಬಾಗಿಲು ತೆರೆದರೆ ಕಲ್ಲಿದ್ದಲು ನೇರ ಕೆಳಗೆ, ಅಲ್ಲಿಂದ ಗಾಡಿಗೆ. ಈಗ ಮೇಲೆ ಕೆಳಗೆ ಎರಡೂ ಕಡೆ ದುಬಾರಿ ಅಂಗಡಿ. ಮಾಡುಗಳನ್ನು ಬಗ್ಗಿಸಿ ನಡುವೆ ಒಂದಕ್ಕೊಂದು ತಾಗಿಸಿದ್ದಾರೆ. 2018ರಲ್ಲಿ ತೆರೆದದ್ದು. ಮಾಡು ನೋಡಿ, ಅಂಗಡಿ ಬಿಡಿ.

ಇನ್ನೊಂದು ದಿನಕ್ಕೆ ಪೂರ್ವದ ಕಡೆ ಇಟ್ಟುಕೊಳ್ಳಿ. ದಡಕ್ಕೆ ಕಟ್ಟಿದ ಹಳೆಯ ಡಚ್ ದೋಣಿಯೊಂದರಲ್ಲಿ ಪುಸ್ತಕದ ಅಂಗಡಿ ಉಂಟು. ಒಳಗೆ ಒಲೆ, ಹಳೆ ಕುರ್ಚಿ. ಸುಮ್ನೆ ಕೂತರೂ ಯಾರೂ ಎಬ್ಬಿಸಲಿಲ್ಲ. ಆಮೇಲೆ ಬ್ಯಾಟಲ್‌ಬ್ರಿಜ್ ಬೇಸಿನ್, ದೋಣಿಗಳು ತಂಗುವ ಕೊಳ. ಅದರ ದಡದಲ್ಲಿ ಲಂಡನ್ ಕೆನಾಲ್ ಮ್ಯೂಸಿಯಂ. ಅದಿರುವುದು 1860ರ ದಶಕದ ಮಂಜುಗಡ್ಡೆ ಗೋದಾಮಿನಲ್ಲಿ. ಕಾರ್ಲೋ ಗಟ್ಟಿ ಎಂಬ ಐಸ್‌ಕ್ರೀಮ್ ವ್ಯಾಪಾರಿಯದ್ದು. ನಾರ್ವೆಯ ಸರೋವರಗಳಿಂದ ಕಡಿದ ಮಂಜುಗಡ್ಡೆ ಹಡಗಿನಲ್ಲಿ ಥೇಮ್ಸ್‌ಗೆ ಬಂದು, ಅಲ್ಲಿಂದ ದೋಣಿಯಲ್ಲಿ ಈ ಕಾಲುವೆಯ ದಾರಿಯಾಗಿ ಇಲ್ಲಿಗೆ. ನೆಲದಡಿಯಲ್ಲಿ ದೊಡ್ಡ ಬಾವಿಗಳಲ್ಲಿ ತುಂಬಿಡುತ್ತಿದ್ದರು. ಬಾವಿ ಈಗಲೂ ಉಂಟು, ಇಣುಕಿ ನೋಡಬಹುದು. ಮ್ಯೂಸಿಯಂಗೆ ಮಾತ್ರ ಟಿಕೆಟ್ ಉಂಟು. ಹೋಗುವ ಮೊದಲು ತೆರೆದಿರುವ ದಿನ ನೋಡಲು ಮಗನಿಗೆ ಹೇಳಿ.

ಮ್ಯೂಸಿಯಂ ದಾಟಿದ ಸ್ವಲ್ಪದರಲ್ಲೇ ದಡದ ದಾರಿ ಮುಗಿಯುತ್ತದೆ. ಕಾಲುವೆ ಇಸ್ಲಿಂಗ್ಟನ್ ಗುಡ್ಡದ ಅಡಿಗೆ ನುಗ್ಗುತ್ತದೆ, ಸುಮಾರು 880 ಮೀಟರ್. ಒಳಗೆ ಕುದುರೆಗೆ ದಾರಿಯಿಲ್ಲ. ಅದನ್ನು ಬಿಚ್ಚಿ ಗುಡ್ಡದ ಮೇಲಿಂದ ನಡೆಸಿಕೊಂಡು ಹೋಗುತ್ತಿದ್ದರು. ದೋಣಿಯವರು ಹಲಗೆಯ ಮೇಲೆ ಅಂಗಾತ ಮಲಗಿ, ಸುರಂಗದ ಗೋಡೆಗೆ ಕಾಲು ಕೊಟ್ಟು ಒದೆಯುತ್ತಾ, ಕತ್ತಲೆಯಲ್ಲಿ ದೋಣಿ ಸಾಗಿಸುತ್ತಿದ್ದರು. ಗೋಧಿ ತುಂಬಿದ ದೋಣಿ! ಗ್ಯಾಂಗ್‌ಮನ್ನರ ಕೆಲಸವೇ ಕಷ್ಟ ಅಂದುಕೊಂಡವ ನಾನು.

ಗಂಟು ನೋವಿಗೆ ಸಂಬಂಧಿಸಿ ಎರಡು ಮಾತು. ಸ್ಟೇಷನ್ನಿನಲ್ಲಿ ಶೌಚಾಲಯಕ್ಕೆ ದುಡ್ಡಿಲ್ಲ, ಲಿಫ್ಟ್ ಉಂಟು. ಟೋಪಾತ್ ಅಗಲ ಕಡಿಮೆ, ಸೈಕಲ್ಲಿನವರು ಅದರಲ್ಲೇ ಬರುತ್ತಾರೆ. ಬೆಲ್ ಕೇಳಿದರೆ ಗಾಬರಿಯಿಂದ ಆಚೆಗೆ ಹಾರಬೇಡಿ, ಆಚೆ ನೀರು. ನಡೆಯುವವರಿಗೇ ಮೊದಲ ಹಕ್ಕು, ಇದ್ದಲ್ಲೇ ನಿಂತರೆ ಸಾಕು.

ಮಗಳು ಲೆಸ್ಟರ್‌ನಲ್ಲಿ ಓದುತ್ತಿದ್ದಾಳೆ. ಹೀತ್ರೂದಲ್ಲಿ ಇಳಿದು ಕಿಂಗ್ಸ್ ಕ್ರಾಸಿಗೆ ಹೋಗಿ ರೈಲು ಹಿಡಿಯಬೇಕು ಅನ್ನುತ್ತಾರೆ. ಗಡಿಬಿಡಿ ಆಗದೇ?
– ನಿವೃತ್ತ ಅಧ್ಯಾಪಿಕೆ, ಮಂಜೇಶ್ವರ

ಟೀಚರೇ, ಲೆಸ್ಟರ್ ರೈಲು ಕಿಂಗ್ಸ್ ಕ್ರಾಸಿನದ್ದಲ್ಲ, ಸೇಂಟ್ ಪ್ಯಾಂಕ್ರಸ್‌ನದ್ದು. ಲೆಸ್ಟರ್, ನಾಟಿಂಗ್‌ಹ್ಯಾಮ್, ಶೆಫೀಲ್ಡ್ ಅಂದರೆ ಸೇಂಟ್ ಪ್ಯಾಂಕ್ರಸ್. ಯಾರ್ಕ್, ನ್ಯೂಕ್ಯಾಸಲ್, ಎಡಿನ್‌ಬರೋ ಅಂದರೆ ಕಿಂಗ್ಸ್ ಕ್ರಾಸ್. ಹೀತ್ರೂದಿಂದ ಪಿಕಡಿಲಿ ಲೈನಿನ ನೆಲದಡಿ ರೈಲು ಎಲ್ಲೂ ಬದಲಿಸದೆ ಸುಮಾರು ಒಂದು ಗಂಟೆಯಲ್ಲಿ ತಂದು ಬಿಡುತ್ತದೆ. ನೆಲದಡಿಯ ಸ್ಟೇಷನ್ ಎರಡಕ್ಕೂ ಒಂದೇ, ಆರು ಲೈನು ಸೇರುವ ಜಾಗ. ಹೊರಗೆ ಬರುವಾಗ ಬೋರ್ಡು ನೋಡಿ ತಿರುಗಿ, ಜನ ಹೋದ ಕಡೆ ಹೋಗಬೇಡಿ. ರೈಲಿಗೆ ಎರಡು ಗಂಟೆ ಇದ್ದರೆ ಪೆಟ್ಟಿಗೆ ಇಡುವ ಜಾಗ ಉಂಟು, ದುಬಾರಿ. ಇಬ್ಬರಿದ್ದರೆ ಒಬ್ಬರು ಪೆಟ್ಟಿಗೆ ಕಾಯಿರಿ, ಒಬ್ಬರು ಕಾಲುವೆ ನೋಡಿ ಬನ್ನಿ, ಆಮೇಲೆ ಅದಲು ಬದಲು.

ಅದು ಕೆಟ್ಟ ಜಾಗ ಎಂದು ಗಲ್ಫಿನಿಂದ ಲಂಡನ್‌ಗೆ ಹೋಗಿ ಬಂದ ಹಳಬರೊಬ್ಬರು ಹೇಳಿದರು. ಹೆಂಗಸರು ಒಬ್ಬರೇ ಹೋಗಬಹುದೇ?
– ಗೃಹಿಣಿ, ಮುಳ್ಳೇರಿಯ

ಹಳಬರು ಹೇಳಿದ್ದು ಸುಳ್ಳಲ್ಲ ತಂಗಿ, ಹಳತು. ಎರಡನೇ ಮಹಾಯುದ್ಧದ ನಂತರ ಸರಕು ಲಾರಿಗೆ ಹೋಯಿತು. ಕಣಜ, ಕಲ್ಲಿದ್ದಲು ಯಾರ್ಡು, ಕಾಲುವೆ ಎಲ್ಲ ಒಟ್ಟಿಗೇ ಪಾಳು ಬಿದ್ದವು. 1980ರ ದಶಕದಲ್ಲಿ ಅಲ್ಲಿ ಮಾದಕ ವಸ್ತು, ಮೈ ಮಾರುವ ದಂಧೆ ಇತ್ತು. 1960ರ ದಶಕದಲ್ಲಿ ಸೇಂಟ್ ಪ್ಯಾಂಕ್ರಸ್ಸನ್ನೇ ಕೆಡವುವ ಮಾತು ಬಂದಿತ್ತು. ಕವಿ ಜಾನ್ ಬೆಟ್ಜೆಮನ್ ಮತ್ತಿತರರು ಗಲಾಟೆ ಮಾಡಿ ಉಳಿಸಿದರು. 1967ರಲ್ಲಿ ಅದನ್ನು ರಕ್ಷಿತ ಕಟ್ಟಡ ಎಂದು ಘೋಷಿಸಿದರು. ಟೊಪ್ಪಿ ಹಿಡಿದುಕೊಂಡು ಮಾಡು ನೋಡುತ್ತಾ ನಿಂತ ಬೆಟ್ಜೆಮನ್‌ರ ಪ್ರತಿಮೆ ಪ್ಲಾಟ್‌ಫಾರ್ಮಿನ ಹತ್ತಿರ ಉಂಟು. ಒಬ್ಬ ಕವಿ ಸ್ಟೇಷನ್ ಉಳಿಸಿದ್ದು ಬೇರೆಲ್ಲಾದರೂ ಕೇಳಿದ್ದೀರಾ?

2007ರ ನವೆಂಬರಿನಲ್ಲಿ ಪ್ಯಾರಿಸ್ ರೈಲು ಇಲ್ಲಿಗೆ ಬಂತು. ಹಿಂದಿನ ಯಾರ್ಡುಗಳ 67 ಎಕ್ರೆಯನ್ನು ಹೊಸದಾಗಿ ಕಟ್ಟಿದರು. ಈಗ ಹಗಲು, ಸಂಜೆ ಜನ ತುಂಬಿರುತ್ತಾರೆ. ನೀವು ಧೈರ್ಯವಾಗಿ ಹೋಗಿ. ಟೋಪಾತ್ ಮಾತ್ರ ಕತ್ತಲಾದ ಮೇಲೆ ಬೇಡ. ಜೂನಿನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು, ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು. ಅದನ್ನು ನೋಡಿಕೊಂಡು ಹೊರಡಿ. ಫೋನು ಕೈಯಲ್ಲಿ ಹಿಡಿದು ನಿಂತರೆ ಸೈಕಲ್ಲಿನಲ್ಲಿ ಬಂದು ಕಸಿಯುವವರಿದ್ದಾರೆ. ಅದು ಲಂಡನ್ ಇಡೀ ಉಂಟು.

ಚಂದ ಆಯಿತು ನಿಜ. ಆದರೆ ಎಲ್ಲರಿಗೂ ಅಲ್ಲ. ಅಗ್ಗದ ಬಾಡಿಗೆಗೆ ಅಲ್ಲಿದ್ದ ಸಣ್ಣ ಕೆಲಸಗಾರರು, ಗ್ಯಾರೇಜಿನವರು ಈಗ ಕಾಣುವುದಿಲ್ಲ. ಕಾಲುವೆಯ ದೋಣಿಗಳಲ್ಲಿ ಸಂಸಾರ ಮಾಡುವವರು ಇದ್ದಾರೆ. ಮನೆ ಬಾಡಿಗೆ ಕಟ್ಟಲಾಗದೆ ದೋಣಿ ಹಿಡಿದವರೂ ಅವರಲ್ಲಿ ಉಂಟು. ಕಾಯಂ ಜಾಗ ಇಲ್ಲದ ದೋಣಿ ಒಂದೇ ಕಡೆ 14 ದಿನಕ್ಕಿಂತ ಜಾಸ್ತಿ ನಿಲ್ಲುವಂತಿಲ್ಲ. ಬಟ್ಟೆ ಒಣಗಿಸಿದ್ದು, ಮಾಡಿನ ಮೇಲೆ ಸೌದೆ, ಗಿಡದ ಚಟ್ಟಿ, ಒಂದು ಬೆಕ್ಕು. ಇನ್ನೆರಡು ವಾರಕ್ಕೆ ಎಲ್ಲ ಮುಂದಿನ ಲಾಕಿನ ಆಚೆ. ಕೋಟಿ ಬೆಲೆಯ ಗ್ಯಾಸ್ ಟ್ಯಾಂಕಿ ಫ್ಲಾಟಿನ ಎದುರಿಗೇ ಇದು. ನೋಡುವಾಗ ಎರಡನ್ನೂ ನೋಡಿ.

ನೆಲದಡಿ ಸ್ಟೇಷನ್ನಿನ ಟಿಕೆಟ್ ಹಾಲಿನಲ್ಲಿ ಒಂದು ನೆನಪಿನ ಫಲಕ ಉಂಟು. 1987ರ ನವೆಂಬರ್ 18ರಂದು ಮರದ ಎಸ್ಕಲೇಟರಿನ ಅಡಿಯಲ್ಲಿ ಬೆಂಕಿ ಹತ್ತಿ 31 ಜನ ಸತ್ತರು. ಉರಿಯುವ ಬೆಂಕಿಕಡ್ಡಿ ಸಂದಿಯಲ್ಲಿ ಬಿದ್ದದ್ದು, ಕೆಳಗೆ ವರ್ಷಗಳ ಗ್ರೀಸು, ಕಸ. ನಾನು ಅಲ್ಲಿ ಒಂದು ನಿಮಿಷ ನಿಂತೇ ಹೋಗುತ್ತಿದ್ದೆ.

ಹ್ಯಾರಿ ಪಾಟರ್ ಕಥೆಯ ಒಂಬತ್ತೂ ಮುಕ್ಕಾಲನೇ ಪ್ಲಾಟ್‌ಫಾರ್ಮ್ ಕಿಂಗ್ಸ್ ಕ್ರಾಸಿನಲ್ಲಿ ನಿಜವಾಗಿ ಉಂಟಾ ಅಜ್ಜ?
– ಆರನೇ ತರಗತಿ, ಕುಂಬಳೆ

ಉಂಟು ಮಗಾ, ಗೋಡೆಯೊಳಗೆ ಅರ್ಧ ಹೋದ ಒಂದು ಟ್ರಾಲಿ. ಫೋಟೋಕ್ಕೆ ಉದ್ದ ಕ್ಯೂ. ಪಕ್ಕದಲ್ಲಿ ಅಂಗಡಿ, ಅಪ್ಪನ ಪರ್ಸು ಖಾಲಿ. ಆದರೆ ಅಲ್ಲಿ ಸೊನ್ನೆ ನಂಬರಿನ ಪ್ಲಾಟ್‌ಫಾರ್ಮ್ ಕೂಡಾ ಉಂಟು, ಅದರ ಹತ್ತಿರ ಯಾರೂ ಫೋಟೋ ತೆಗೆಯುವುದಿಲ್ಲ. ಒಂದನೇದರ ಈಚೆಗೆ ಹೊಸ ಪ್ಲಾಟ್‌ಫಾರ್ಮ್ ಕಟ್ಟಿದಾಗ ಎಲ್ಲ ನಂಬರು ಬದಲಿಸುವ ಬದಲು 2010ರಲ್ಲಿ ಸೊನ್ನೆ ಇಟ್ಟರು. ನನ್ನ ಮಟ್ಟಿಗೆ ಅದೇ ಜಾಸ್ತಿ ಮ್ಯಾಜಿಕ್.

ಅಲ್ಲಿ ನಮ್ಮವರ ಕುರುಹು ಏನಾದರೂ ಉಂಟೇ?
– ಗ್ರಂಥಾಲಯದ ಕಾರ್ಯಕರ್ತರು, ನೀರ್ಚಾಲು

ಬೇಕಾದಷ್ಟು ಉಂಟು. ಸೇಂಟ್ ಪ್ಯಾಂಕ್ರಸ್‌ಗೆ ತಾಗಿಕೊಂಡು ಬ್ರಿಟಿಷ್ ಲೈಬ್ರರಿ. ನೋಡಿದರೆ ಕೆಂಪು ಇಟ್ಟಿಗೆಯ ದೊಡ್ಡ ಗೋದಾಮು, ನನ್ನ ಹೆಂಡತಿ ಇದು ಕೂಡಾ ಸ್ಟೇಷನ್ನೇ ಅಂದುಕೊಂಡಳು. 1998ರಲ್ಲಿ ಉದ್ಘಾಟನೆ ಆದದ್ದು. ಹಳೆಯ ಹಸ್ತಪ್ರತಿಗಳನ್ನು ಇಟ್ಟ ಗ್ಯಾಲರಿಗೆ ದುಡ್ಡಿಲ್ಲ, ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಹಳೆಯ ಸನದು ಮ್ಯಾಗ್ನಾ ಕಾರ್ಟಾ ಅಲ್ಲೇ ಉಂಟು. ನಿಮಗೆ ಬೇಕಾದದ್ದು ಬೇರೆ, ಇಂಡಿಯಾ ಆಫೀಸಿನ, ಅಂದರೆ ಲಂಡನ್‌ನಿಂದ ಭಾರತದ ಆಡಳಿತ ನೋಡುತ್ತಿದ್ದ ಕಚೇರಿಯ ದಾಖಲೆಗಳು. ಈಸ್ಟ್ ಇಂಡಿಯಾ ಕಂಪೆನಿಯ ಕಾಲದಿಂದ 1947ರವರೆಗಿನ ಕಾಗದಪತ್ರ, ಜೋಡಿಸಿಟ್ಟರೆ ಸುಮಾರು 14 ಕಿ.ಮೀ. ಕಪಾಟು. ವಿಚಿತ್ರ ನೋಡಿ, ಕಾಲುವೆಯ ಉದ್ದವೂ ಅಷ್ಟೇ! ನಮ್ಮ ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತಲ್ವಾ? ಮದರಾಸಿನ ಕಂದಾಯದ ಕಡತಗಳನ್ನು ಹುಡುಕುವವರು ಹೋಗಬೇಕಾದ ಜಾಗ ಅದು. ಓದುಗರ ಪಾಸು ಉಚಿತ, ಗುರುತು ಮತ್ತು ವಿಳಾಸದ ದಾಖಲೆ ಬೇಕು.

ಎರಡನೆಯದು, ವಿ.ಕೆ. ಕೃಷ್ಣ ಮೆನನ್. ಹುಟ್ಟಿದ್ದು ನಮ್ಮಿಂದ ತೆಂಕಕ್ಕೆ ತಲಶ್ಶೇರಿಯ ತಿರುವಂಗಾಡಿನಲ್ಲಿ. ಅವರು ರಕ್ಷಣಾ ಮಂತ್ರಿಯಾದದ್ದು ಎಲ್ಲರಿಗೂ ಗೊತ್ತು. ಸೇಂಟ್ ಪ್ಯಾಂಕ್ರಸ್ ಬರೋದಲ್ಲಿ (ಬರೋ ಅಂದರೆ ಲಂಡನ್ನಿನ ಒಂದು ಭಾಗದ ಸ್ಥಳೀಯ ಆಡಳಿತ) 1934ರಿಂದ 1947ರವರೆಗೆ ಕೌನ್ಸಿಲರ್ ಆಗಿದ್ದರು ಎಂಬುದು ಕಡಿಮೆ ಜನರಿಗೆ ಗೊತ್ತು. ಅಲ್ಲಿನ ಲೈಬ್ರರಿ ಸಮಿತಿ ನೋಡಿಕೊಂಡವರು ಅವರೇ, ಸಂಚಾರಿ ಲೈಬ್ರರಿ ಮಾಡಿಸಿದರು. ನೀರ್ಚಾಲಿನ ಲೈಬ್ರರಿಯವರಿಗೆ ಇದು ಇಷ್ಟವಾಗಬೇಕು. 1955ರಲ್ಲಿ ಆ ಬರೋ ಅವರಿಗೆ ತನ್ನ ದೊಡ್ಡ ಗೌರವ ಕೊಟ್ಟಿತು.

ಮೂರನೆಯದಕ್ಕೆ ಸ್ವಲ್ಪ ನಡೆಯಬೇಕು. ಟೋಪಾತ್ ಹಿಡಿದು ಕ್ಯಾಮ್ಡನ್ ದಾಟಿ ಪ್ರಿಮ್‌ರೋಸ್ ಹಿಲ್ ಕಡೆ ಮೇಲೆ ಬನ್ನಿ. 10, ಕಿಂಗ್ ಹೆನ್ರೀಸ್ ರೋಡ್. ಅಂಬೇಡ್ಕರ್ ಅವರು ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿ ಓದುವಾಗ 1921–22ರಲ್ಲಿ ಇದ್ದ ಮನೆ. 2015ರಲ್ಲಿ ಮಹಾರಾಷ್ಟ್ರ ಸರಕಾರ ಕೊಂಡು ಸ್ಮಾರಕ ಮಾಡಿದೆ. ಕ್ಯಾಮ್ಡನ್‌ವರೆಗಿನ ಗದ್ದಲದಿಂದ ಇಲ್ಲಿಗೆ ಬಂದರೆ ಮನಸ್ಸು ತಣ್ಣಗಾಗುತ್ತದೆ. ಇನ್ನೂ ಶಕ್ತಿ ಇದ್ದವರು ಕಾಲುವೆಯಲ್ಲೇ ಮುಂದುವರಿದರೆ ರೀಜೆಂಟ್ಸ್ ಪಾರ್ಕ್ ಬದಿಯ ಮ್ಯಾಕಲ್ಸ್‌ಫೀಲ್ಡ್ ಸೇತುವೆ ಸಿಗುತ್ತದೆ. 1874ರ ಅಕ್ಟೋಬರಿನಲ್ಲಿ ಸಿಡಿಮದ್ದು ತುಂಬಿದ ದೋಣಿ ಅದರಡಿ ಸಿಡಿದು ಸೇತುವೆ ಹಾರಿಹೋಯಿತು. ಹಳೆಯ ಕಂಬಗಳನ್ನೇ ತಿರುಗಿಸಿ ನಿಲ್ಲಿಸಿ ಮತ್ತೆ ಕಟ್ಟಿದರು. ಹಗ್ಗದ ಗೀರು ಹಾಗಾಗಿ ಕಂಬದ ಎರಡೂ ಬದಿಗೆ.

ಗಾಂಧೀಜಿಯ ಪ್ರತಿಮೆ ಟ್ಯಾವಿಸ್ಟಾಕ್ ಸ್ಕ್ವೇರಿನಲ್ಲಿ, ಸ್ಟೇಷನ್ನಿನಿಂದ ತೆಂಕಕ್ಕೆ ಕಾಲು ಗಂಟೆಯ ದಾರಿ. ಬಸವಣ್ಣನವರ ಪ್ರತಿಮೆ ಕೂಡಾ ಇಲ್ಲೇ ಎಂದು ಯಾರೋ ಹೇಳಿದ್ದನ್ನು ನಂಬಿದವರು ಬರೆದಿದ್ದಾರೆ. ಇಲ್ಲಲ್ಲ, ಅದು ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, 2015ರ ನವೆಂಬರಿನಲ್ಲಿ ಉದ್ಘಾಟನೆ ಆದದ್ದು. ಕಿಂಗ್ಸ್ ಕ್ರಾಸಿನಿಂದ ವಿಕ್ಟೋರಿಯಾ ಲೈನ್ ಹತ್ತಿ ವಾಕ್ಸ್‌ಹಾಲ್‌ನಲ್ಲಿ ಇಳಿದು ನದಿಯ ದಂಡೆಯಲ್ಲೇ ನಡೆಯಿರಿ.

ಊಟದ ಗತಿ? ನಾವು ಮೊಟ್ಟೆಯೂ ತಿನ್ನುವವರಲ್ಲ.
– ದಂಪತಿ, ಹೊಸಂಗಡಿ

ಯೂಸ್ಟನ್ ಸ್ಟೇಷನ್ನಿನ ಹಿಂದೆ ಡ್ರಮಂಡ್ ಸ್ಟ್ರೀಟ್ ಎಂಬ ಸಣ್ಣ ಬೀದಿ. ಸೇಂಟ್ ಪ್ಯಾಂಕ್ರಸ್‌ನಿಂದ ಹದಿನೈದು ನಿಮಿಷ. ನಮ್ಮ ದೇಶದ ಹೋಟೆಲುಗಳ ಸಾಲು, ಶುದ್ಧ ಸಸ್ಯಾಹಾರಿಯೂ ಉಂಟು. ದೋಸೆ ಸಿಗುತ್ತದೆ, ಉಡುಪಿಯ ಗರಿಗರಿ ನಿರೀಕ್ಷಿಸಬೇಡಿ. ಸಿಹಿ ತಿಂಡಿಯ ಅಂಗಡಿ ಉಂಟು. ಗ್ರ್ಯಾನರಿ ಸ್ಕ್ವೇರ್ ಹತ್ತಿರ ಮುಂಬಯಿಯ ಇರಾನಿ ಹೋಟೆಲಿನ ಮಾದರಿಯಲ್ಲಿ ಮಾಡಿದ ದೊಡ್ಡ ಹೋಟೆಲೂ ಒಂದುಂಟು. ಚಹಾ ಒಳ್ಳೆಯದು, ಕ್ಯೂ ಉದ್ದ. ನಮ್ಮ ಕ್ರಮ ಬೇರೆ ಇತ್ತು: ಮೊಸರನ್ನ, ಮಾವಿನಮಿಡಿ ಕಟ್ಟಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತು ತಿನ್ನುವುದು. ನೀರುಕೋಳಿಗೆ ಮಾತ್ರ ಹಾಕಬೇಡಿ.

ಮಾಸ್ಟ್ರೇ, ಲಂಡನ್ ಎಲ್ಲ ಮಕ್ಕಳು ಹೊರದೇಶದಲ್ಲಿದ್ದವರಿಗೆ ಆಯಿತು. ನಮ್ಮಂಥವರಿಗೆ ರೈಲಿನಲ್ಲಿ ಹೋಗಿ ನೋಡುವಂಥ ಕಾಲುವೆ ಇಲ್ಲವೇ? ಕೋವಳಂ–ಬೇಕಲ ಜಲಮಾರ್ಗ ಆದರೆ ನಮ್ಮಲ್ಲೂ ಹಾಗೆ ಆದೀತೇ?
– ಬೀದಿ ಬದಿ ವ್ಯಾಪಾರಿ, ಕಾಸರಗೋಡು

ನಿಮ್ಮ ಪ್ರಶ್ನೆಗೆ ಕಾಯುತ್ತಿದ್ದೆ. ಕಾಸರಗೋಡಿನಲ್ಲಿ ಮದ್ರಾಸ್ ಮೈಲ್ ಹತ್ತಿ, ಮರುದಿನ ಬೆಳಿಗ್ಗೆ ಚೆನ್ನೈ ಸೆಂಟ್ರಲ್. ಅದರ ಪಕ್ಕದಲ್ಲೇ ಬಕಿಂಗ್‌ಹ್ಯಾಮ್ ಕಾಲುವೆ ಹೋಗುತ್ತದೆ. ದೊಡ್ಡ ಸ್ಟೇಷನ್, ಬದಿಯಲ್ಲಿ ಕಾಲುವೆ, ಲೆಕ್ಕ ಅದೇ. 1806ರಲ್ಲಿ ಮದರಾಸಿನಿಂದ ಎಣ್ಣೂರಿಗೆ ತೋಡಲು ಶುರು ಮಾಡಿದ್ದು. 1876–78ರ ದೊಡ್ಡ ಬರಗಾಲದಲ್ಲಿ ಹಸಿದವರಿಗೆ ಕೂಲಿ ಕೊಟ್ಟು ಅಡ್ಯಾರ್ ನದಿಗೂ ಕೂವಂ ನದಿಗೂ ಸೇರಿಸಿದರು. ಆಗಿನ ಗವರ್ನರನ ಹೆಸರಿಟ್ಟರು. ಆಂಧ್ರದ ಕಾಲುವೆಗಳಿಗೆ ಕೂಡಿಕೊಂಡು ಅದು ಉಪ್ಪು, ಅಕ್ಕಿ, ಸೌದೆ ಎಲ್ಲ ಹೊತ್ತು ತರುತ್ತಿತ್ತು. ಈಗ ಹೋದರೆ ಮೂಗು ಮುಚ್ಚಿಕೊಳ್ಳಬೇಕು. ಮೈಲಾಪುರದ ಕಡೆ ಹೋಗುವ ಎತ್ತರದ ರೈಲಿನ ಕಂಬಗಳನ್ನು ಕಾಲುವೆಯೊಳಗೇ ನೆಟ್ಟಿದ್ದಾರೆ. ಲಂಡನ್‌ನಲ್ಲಿ ರೈಲು ಕಾಲುವೆಯ ಮೇಲೆ ಹೋಯಿತು, ಕೆಳಗೆ ಹೋಯಿತು. ಇಲ್ಲಿ ಒಳಗೇ ಇಳಿಯಿತು. ನಾನು ರೈಲ್ವೆಯವ, ಆದರೂ ಹೇಳುತ್ತೇನೆ, ಅದು ಸರಿಯಲ್ಲ. ಹಾಗಂತ ನೋಡಬಾರದು ಅಂತಲ್ಲ. ಮೈಲಾಪುರದ ರೈಲು ಹತ್ತಿ ಕಿಟಕಿಯಿಂದ ನೋಡುತ್ತಾ ಹೋಗಿ, ಹತ್ತಿಪ್ಪತ್ತು ನಿಮಿಷದ ದಾರಿ.

ನೀರು ಹರಿಯುವುದನ್ನೇ ನೋಡಬೇಕಾದರೆ ವಿಜಯವಾಡಕ್ಕೆ ಹೋಗಿ. ಪ್ರಕಾಶಂ ಬ್ಯಾರೇಜಿನಿಂದ ಹೊರಟ ಏಲೂರು, ಬಂದರು, ರೈವ್ಸ್ ಕಾಲುವೆಗಳು ಊರ ನಡುವಿನಿಂದಲೇ ಹೋಗುತ್ತವೆ. ಸ್ಟೇಷನ್ನಿನಿಂದ ಆಟೋ ಸಾಕು. ಈಗಿನ ಬ್ಯಾರೇಜು 1957ರದ್ದು, ಅದಕ್ಕೆ ಮೊದಲಿನ ಕಟ್ಟ 1855ರದ್ದು. ಅವು ತೋಟ ಗದ್ದೆಗೆ ನೀರು ಕೊಡುವ ಕಾಲುವೆಗಳು, ಹಾಗಾಗಿ ಬದುಕಿವೆ.

ಬೇಕಲದ ಜಲಮಾರ್ಗ ಕೋವಳಂನಿಂದ 616 ಕಿ.ಮೀ. ಎಂದು ಲೆಕ್ಕ. ನಮ್ಮ ಜಿಲ್ಲೆಯಲ್ಲಿ ನೀಲೇಶ್ವರದ ಆಚೆ ಚಿತ್ತಾರಿಯವರೆಗೆ ಹೊಸದಾಗಿ ತೋಡಬೇಕು. ಜಾಗ ಹೋಗುವವರ ಸಂಕಟ ಒಂದು ಕಡೆ, ಬಾವಿಗೆ ಉಪ್ಪು ನೀರು ಬಂದೀತೆಂಬ ಹೆದರಿಕೆ ಇನ್ನೊಂದು ಕಡೆ. ರೀಜೆಂಟ್ಸ್ ಕಾಲುವೆಯನ್ನು ಪ್ರವಾಸಿಗರಿಗಾಗಿ ತೋಡಲಿಲ್ಲ. ಸರಕು ಸಾಗಿಸುವುದಕ್ಕಾಗಿ ತೋಡಿದರು. ಚಂದ ಬಂದದ್ದು ಆಮೇಲೆ. ಬೇಕಲಕ್ಕೆ ಬರುವ ದೋಣಿಯಲ್ಲಿ ಪ್ರವಾಸಿಗರಲ್ಲದೆ ಬೇರೇನು ಬರುತ್ತದೆ ಎಂದು ಹೇಳುವವರು ಸಿಕ್ಕಿದರೆ ನನಗೂ ಒಂದು ಕಾಗದ ಹಾಕಿಸಿ.